ಹಳೇ ಅಮೆರಿಕನ್ ಚಿನ್ನದ ನಾಣ್ಯ ಕೈಗೆ ಸಿಕ್ರೆ ಮೊದ್ಲು ಇಷ್ಟು ನೋಡ್ಕೊಳಿ

ಎಲ್ರಿಗೂ ನಮಸ್ಕಾರ, ಇಲ್ಲಿ ಅಮೆರಿಕದಲ್ಲಿರೋರು ತುಂಬಾ ಜನ ಈಗ 20 ಡಾಲರ್‌ದು ಹಳೇ ಚಿನ್ನದ ನಾಣ್ಯ, ಅಂದ್ರೆ ಡಬಲ್ ಈಗಲ್, ತಗೋತಿದೀರ ಅದಕ್ಕೆ ಹೇಳ್ತಿದೀನಿ. ಮೊದ್ಲು ತೂಕ ನೋಡಿ, 33.436 ಗ್ರಾಂ ಇರ್ಬೇಕು, ಅಗಲ 34 ಮಿಲಿಮೀಟರ್. ಚಿನ್ನ 90%, ಅಂದ್ರೆ ನಮ್ಮ 22 ಕ್ಯಾರೆಟ್‌ಗಿಂತ ಒಂಚೂರು ಕಮ್ಮಿ, ಅಪ್ಪಟ ಚಿನ್ನದ ಲೆಕ್ಕದಲ್ಲಿ ಸುಮಾರು 30 ಗ್ರಾಂ. ಅವತ್ತಿನ ರೇಟಿಗೆ ಇದನ್ನ ಗುಣಿಸಿದ್ರೆ ಕರಗಿಸಿದಾಗ ಸಿಗೋ ಬೆಲೆ ಗೊತ್ತಾಗತ್ತೆ, ಅದ್ರ ಮೇಲೆ ಕೇಳೋ ದುಡ್ಡು ಯಾಕೆ ಅಂತ ಅಂಗಡಿಯವ್ರನ್ನ ಬಿಡದೆ ಕೇಳಿ.

ಆ ಮೇಲಿನ ಬೆಲೆ ಬರೋದು ಇಸವಿ, ಟಂಕಸಾಲೆ ಗುರುತು (ನಾಣ್ಯ ಎಲ್ಲಿ ಅಚ್ಚಾಯ್ತು ಅಂತ ಹೇಳೋ ಅಕ್ಷರ), ಸವೆತ ಈ ಮೂರರಿಂದ. 1907ಕ್ಕೆ ಮುಂಚಿನ ಲಿಬರ್ಟಿ ತಲೆಯ ನಾಣ್ಯ ತಿರುಗಿಸಿ, ಹದ್ದಿನ ಬಾಲದ ಕೆಳಗೆ ಭೂತಗನ್ನಡಿ ಹಿಡೀರಿ. ಎಸ್ ಇದ್ರೆ ಸ್ಯಾನ್ ಫ್ರಾನ್ಸಿಸ್ಕೋ, ಸಾಮಾನ್ಯವಾಗಿ ಸಿಗತ್ತೆ. ಸಿಸಿ ಇದ್ರೆ ಕಾರ್ಸನ್ ಸಿಟಿ, ಅದಕ್ಕೆ ಬೆಲೆ ಜಾಸ್ತಿ, ಅದಕ್ಕೇ ನಕಲಿ ಗುರುತು ಅಂಟಿಸೋರೂ ಇದಾರೆ. ಅಂಥದ್ದನ್ನ ನಾಣ್ಯ ಪರೀಕ್ಷೆ ಮಾಡಿ ಸರ್ಟಿಫೈ ಮಾಡೋ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಡಬ್ಬಿಯಲ್ಲಿ ಸೀಲ್ ಆಗಿದ್ರೆ ಮಾತ್ರ ತಗೊಳಿ, ಡಬ್ಬಿ ಮೇಲಿನ ನಂಬರನ್ನ ಅವ್ರ ಸೈಟಲ್ಲೇ ಹಾಕಿ ನೋಡಿ.

1933ರದ್ದು ಅಂತ ಯಾರಾದ್ರೂ ತೋರಿಸಿದ್ರೆ ಮುಟ್ಲೂಬೇಡಿ, ಖಾಸಗಿಯವ್ರು ಕಾನೂನುಬದ್ಧವಾಗಿ ಇಟ್ಕೊಳೋಕೆ ಒಪ್ಪಿಗೆ ಸಿಕ್ಕಿರೋದು ಒಂದೇ ಒಂದಕ್ಕೆ, ಅದು 2021ರಲ್ಲಿ ಸುಮಾರು 1.9 ಕೋಟಿ ಡಾಲರ್‌ಗೆ ಹರಾಜಾಯ್ತು.

ಇನ್ನೊಂದು, ದಯವಿಟ್ಟು ತೊಳೀಬೇಡಿ! ಅಂಟುವಾಳ, ಟೂತ್‌ಪೇಸ್ಟ್, ಒರೆಗಲ್ಲು ಯಾವ್ದೂ ಬೇಡ. ಉಜ್ಜಿದ ನಾಣ್ಯನ ದೀಪದ ಕೆಳಗೆ ಓರೆ ಮಾಡಿದ್ರೆ ಕೂದಲೆಳೆ ಥರ ಗೀರು ಕಾಣತ್ತೆ, ಆಮೇಲೆ ಅದು ಹೆಚ್ಚುಕಮ್ಮಿ ಬರೀ ಚಿನ್ನದ ರೇಟಿಗೇ ಹೋಗತ್ತೆ. ಅಂಚಲ್ಲಿ ಹಿಡೀರಿ, ಪಿವಿಸಿ ಇಲ್ದಿರೋ ಕವರಲ್ಲಿ ಇಡಿ.