ಐಟಿಐ ಮೆಕ್ಯಾನಿಕ್ ಓದಿದವರು ರೇಸ್ ಎಂಜಿನಿಯರಿಂಗ್ ಕಡೆ ಹೋಗೋದು ಹೇಗೆ?

ಐಟಿಐನಲ್ಲಿ ಎಂಎಂವಿ, ಅಂದ್ರೆ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ ಮಾಡಿದ ಹುಡುಗರು ಮೊದಲು ಕೇಳೋದು ಒಂದೇ: "ಅಣ್ಣಾ, ರೇಸ್ ಟೀಮ್ ಸೇರೋಕೆ ಯಾವ ಕೋರ್ಸ್ ಮಾಡ್ಬೇಕು?" ಕೋರ್ಸ್ ಬೇಕು, ಅದಕ್ಕೆ ಆಮೇಲೆ ಬರ್ತೀನಿ. ಅದಕ್ಕಿಂತ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಏನು ಮುಟ್ಟಿದರೂ ಅಳೆದು ಬರೆಯುವ ಚಟ ಹಚ್ಚಿಕೊಳ್ಳಿ.

ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ರಿಪೇರಿ ಆದರೆ ಕೆಲಸ ಮುಗೀತು. ರೇಸ್‌ನಲ್ಲಿ ಗಾಡಿಗೆ ಯಾವ ರೋಗವೂ ಇರುವುದಿಲ್ಲ, ಆದರೂ ಲ್ಯಾಪ್ ಟೈಮ್, ಅಂದ್ರೆ ಒಂದು ಸುತ್ತಿಗೆ ಹಿಡಿಯುವ ಸಮಯ, ಅಂದುಕೊಂಡಷ್ಟು ಬರುವುದಿಲ್ಲ. ಯಾಕೆ ಬರ್ತಿಲ್ಲ ಅಂತ ಅಂಕಿ ಇಟ್ಟು ಹೇಳುವವರಿಗೇ ಅಲ್ಲಿ ಬೆಲೆ.

ಟೈರ್ ಗಾಳಿಯನ್ನೇ ನೋಡಿ. ಬೆಳಿಗ್ಗೆ ಟೈರ್ 30 ಡಿಗ್ರಿ ಇದ್ದಾಗ 26 ಪಿಎಸ್‌ಐ ಹಾಕಿದ್ದೀರಿ. ಓಡಿಸಿ ಬಂದಾಗ ಒಳಗಿನ ಗಾಳಿ 80 ಡಿಗ್ರಿ ಆಗಿದೆ. ಈಗ ಎಷ್ಟಿರುತ್ತೆ? ಹೊರಗಿನ ವಾತಾವರಣದ 14.7 ಸೇರಿಸಿದರೆ 40.7. ಅದನ್ನು 353ರಿಂದ ಗುಣಿಸಿ 303ರಿಂದ ಭಾಗಿಸಿ (ಡಿಗ್ರಿಗೆ 273 ಕೂಡಿಸಿದ್ದು, ಅಷ್ಟೇ), ಮತ್ತೆ 14.7 ಕಳೆಯಿರಿ. ಹತ್ತಿರ ಹತ್ತಿರ 32.7 ಬರುತ್ತೆ. ಓಡುವಾಗ 30 ಬೇಕು ಅಂತಿದ್ದರೆ ಬೆಳಿಗ್ಗೆ ಎಷ್ಟು ಹಾಕಬೇಕು? ನೀವೇ ಲೆಕ್ಕ ಮಾಡಿ. ಐಟಿಐನಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಪಾಠ ಅಂದ್ರೆ ಹಿಂದಿನ ಬೆಂಚಲ್ಲಿ ನಿದ್ದೆ ಮಾಡ್ತಿದ್ವಿ ಅಲ್ವಾ, ಇಲ್ಲಿ ಬೇಕಾಗೋದು ಅದೇ.

ಇನ್ನೊಂದು ಅಭ್ಯಾಸ, ಖರ್ಚೇ ಇಲ್ಲದ್ದು. ಸಮತಟ್ಟಾದ ನೆಲದಲ್ಲಿ ಕಾರ್ ನಿಲ್ಲಿಸಿ, ಎರಡೂ ಬದಿಗೆ ಚಕ್ರದ ನಡುಮಟ್ಟಕ್ಕೆ ನೈಲಾನ್ ದಾರ ಬಿಗಿದು ಕಟ್ಟಿ. ಮುಂದೆ ಎಡ ಬಲ ಎರಡೂ ಕಡೆ ಹಬ್‌ನಿಂದ ದಾರಕ್ಕೆ ಒಂದೇ ದೂರ ಇರಬೇಕು, ಹಿಂದೆಯೂ ಹಾಗೇ. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ದಾರದಿಂದ ಎಷ್ಟು ದೂರ ಅಂತ ನೋಡಿ. ಮುಂದಿನ ಅಂಚು ಜಾಸ್ತಿ ದೂರ ಇದ್ದರೆ ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆ), ಕಡಿಮೆ ಇದ್ದರೆ ಟೋ-ಔಟ್ (ಹೊರಕ್ಕೆ ತಿರುಗಿದೆ). ರೇಸ್ ಮೈದಾನದಲ್ಲಿ ಲೇಸರ್ ಮೆಷಿನ್ ಇಲ್ಲದ ಟೀಮ್‌ಗಳು ಈಗಲೂ ಹೀಗೇ ಮಾಡುತ್ತವೆ. ದಾರ ಕಟ್ಟಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಹಿಡಿಯುವ ಹುಡುಗನನ್ನು ಯಾವ ಟೀಮೂ ಬೇಡ ಅನ್ನಲ್ಲ.

ಈಗ ಓದಿನ ವಿಷಯ. ಎರಡು ವರ್ಷದ ಐಟಿಐ ಪಾಸಾದವರಿಗೆ ಕರ್ನಾಟಕದಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ, ಅಂದ್ರೆ ನೇರ ಪ್ರವೇಶ, ಇದೆ. ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ತಗೊಳ್ಳಿ. ಡಿಪ್ಲೊಮಾ ಆದಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ: ಐಟಿಐ ಎರಡು, ಡಿಪ್ಲೊಮಾ ಎರಡು, ಬಿಇ ಮೂರು, ಒಟ್ಟು ಏಳು ವರ್ಷ. ಪಿಯುಸಿ ಮಾಡಿ ಬಿಇಗೆ ಹೋದವರಿಗೆ ಆರು. ಒಂದು ವರ್ಷ ತಡ, ಆದರೆ ಅವರು ಮೊದಲ ಸಲ ಗೇರ್‌ಬಾಕ್ಸ್ ಬಿಚ್ಚಿ ನೋಡುವ ಹೊತ್ತಿಗೆ ನೀವು ಎಷ್ಟೋ ಬಿಚ್ಚಿ ಜೋಡಿಸಿರುತ್ತೀರಿ. ಗಣಿತ ಮಾತ್ರ ಗಟ್ಟಿ ಮಾಡಿಕೊಳ್ಳಿ, ಈ ದಾರಿಯಲ್ಲಿ ಹೋದವರು ಎಡವೋದು ಅಲ್ಲೇ.

ಬಿಇ ಕಾಲೇಜು ಆರಿಸುವಾಗ ಫಾರ್ಮುಲಾ ಸ್ಟೂಡೆಂಟ್ ಅಥವಾ ಬಾಹಾ (ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆಗಳು) ಟೀಮ್ ಇದೆಯಾ ಅಂತ ಮೊದಲು ಕೇಳಿ, ಹಾಸ್ಟೆಲ್ ಊಟ ಹೇಗಿದೆ ಅಂತ ಆಮೇಲೆ ಕೇಳಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಅನ್ನೋ ಇಂಥ ಸ್ಪರ್ಧೆಯಲ್ಲಿ ಗಾಡಿ ಓಡಿಸಿದರೆ ಸಾಲದು. ಈ ಬ್ರಾಕೆಟ್ ಇಷ್ಟು ದಪ್ಪ ಯಾಕೆ, ಈ ಸ್ಪ್ರಿಂಗ್ ಯಾಕೆ ಅಂತ ಜಡ್ಜ್‌ಗಳು ಕೂತು ಕೇಳುತ್ತಾರೆ. "ಗ್ಯಾರೇಜಲ್ಲಿ ಹೀಗೇ ಹಾಕೋದು ಸಾರ್" ಅಂದರೆ ಮಾರ್ಕ್ಸ್ ಬರಲ್ಲ.

ಓದು ಮುಗಿಯುವ ತನಕ ಕಾಯಬೇಡಿ. ರ್‍ಯಾಲಿಗಳೇ ಒಳಗೆ ಹೋಗೋಕೆ ಸುಲಭದ ಬಾಗಿಲು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ನಡೆಯುತ್ತೆ, ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ-1000 ಅನ್ನೋ ರ್‍ಯಾಲಿ ನಡೆಸುತ್ತೆ. ಮೊದಲು ಮಾರ್ಷಲ್ (ದಾರಿಯಲ್ಲಿ ನಿಂತು ಸುರಕ್ಷತೆ ನೋಡಿಕೊಳ್ಳುವವರು) ಆಗಿ ಹೋಗಿ, ಕ್ಲಬ್‌ಗಳಿಗೆ ವಾಲಂಟಿಯರ್‌ಗಳು ಯಾವಾಗಲೂ ಬೇಕು. ಸಮಯ ಸಿಕ್ಕಾಗ ಸರ್ವಿಸ್ ಪಾರ್ಕ್‌ಗೆ, ಅಂದ್ರೆ ಟೀಮ್‌ಗಳು ಕಾರ್ ರಿಪೇರಿ ಮಾಡುವ ಜಾಗಕ್ಕೆ, ಹೋಗಿ ನೋಡಿ. ಕೆಸರು ಮೆತ್ತಿದ ಕಾರ್ ಬಂದು ನಿಂತ ತಕ್ಷಣ ಗಡಿಯಾರ ಶುರು. ಅರ್ಧ ಗಂಟೆಯೂ ಸಿಗದ ಸಮಯದಲ್ಲಿ ಸಸ್ಪೆನ್ಷನ್ ಆರ್ಮ್ ಬದಲಾಯಿಸಿ, ಬ್ರೇಕ್ ಬ್ಲೀಡ್ ಮಾಡಿ (ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು) ಕಳಿಸಬೇಕು, ತಡವಾದರೆ ಪೆನಾಲ್ಟಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳ್ತಾನೆ, ಟಾರ್ಕ್ ರೆಂಚ್ ಹಾಕಿದ ನಟ್ಟಿಗೆ, ಬಿಗಿ ಮಾಡಿದ್ದಾಯ್ತು ಅನ್ನೋ ಗುರುತಿಗೆ, ಪೇಂಟ್ ಮಾರ್ಕರ್‌ನಲ್ಲಿ ಗೆರೆ ಎಳೀತಾನೆ. ಈ ಗೆರೆ ಎಳೆಯೋದನ್ನು ನಾಳೆಯಿಂದಲೇ ನಿಮ್ಮ ಗ್ಯಾರೇಜಲ್ಲಿ ಶುರು ಮಾಡಿ, ಯಾರಾದರೂ ನಕ್ಕರೆ ನಗಲಿ.

ಬೈಕ್ ಇಷ್ಟ ಇದ್ದವರಿಗೆ ಹೊಸೂರಿನ ಟಿವಿಎಸ್ ರೇಸಿಂಗ್ ಟೀಮ್ ಇದೆ, ಬೆಂಗಳೂರಿಂದ ದೂರವೂ ಅಲ್ಲ. ಸರ್ಕ್ಯೂಟ್ ರೇಸ್ ನೋಡಬೇಕು ಅಂದ್ರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಹೋಗಿ.

ಡೇಟಾ ಓದೋದನ್ನು, ಅಂದ್ರೆ ಕಾರಿನ ವೇಗ, ಬ್ರೇಕ್ ಎಲ್ಲದರ ದಾಖಲೆಯನ್ನು ಗ್ರಾಫ್‌ನಲ್ಲಿ ನೋಡೋದನ್ನು, ಮನೆಯಲ್ಲೇ ಕಲಿಯಬಹುದು. ಮೋಟೆಕ್ ಐ2 ಅನ್ನೋ ಸಾಫ್ಟ್‌ವೇರ್‌ನ ಸ್ಟ್ಯಾಂಡರ್ಡ್ ಆವೃತ್ತಿ ಉಚಿತ. ಅಸೆಟ್ಟೊ ಕೊರ್ಸಾ ಕಾಂಪಿಟೀಜಿಯೊನೆ ಗೇಮ್ ಆಡಿದರೆ ಅದರ ಡೇಟಾವನ್ನು ಇದರಲ್ಲಿ ತೆರೆಯಬಹುದು. ಎರಡು ಲ್ಯಾಪ್ ಒಂದರ ಮೇಲೊಂದು ಇಟ್ಟು, ಯಾವ ತಿರುವಿನಲ್ಲಿ ಬ್ರೇಕ್ ಬೇಗ ಒತ್ತಿದ್ದೀರಿ ಅಂತ ಹುಡುಕಿ. ಮನೆಯವರು ಗೇಮ್ ಆಡ್ತಿದ್ದಾನೆ ಅಂತ ಬೈದರೆ ಈ ಗ್ರಾಫ್ ತೋರಿಸಿ.

ಲಕ್ಷಗಟ್ಟಲೆ ಫೀಸು ಕೇಳುವ "ಮೋಟಾರ್‌ಸ್ಪೋರ್ಟ್ ಸರ್ಟಿಫಿಕೇಟ್"ಗಳಿಗೆ ದುಡ್ಡು ಕಟ್ಟುವ ಮುಂಚೆ, ಅಲ್ಲಿ ಕಲಿತವರು ಈಗ ಯಾವ ಟೀಮಲ್ಲಿ ಇದ್ದಾರೆ ಅಂತ ಹೆಸರು ಕೇಳಿ, ಆ ಟೀಮಿಗೇ ಫೋನ್ ಮಾಡಿ ವಿಚಾರಿಸಿ. ಇನ್ನು ಕೆಲಸ ಬಿಟ್ಟು ರೇಸ್‌ಗೆ ಓಡಬೇಡಿ. ಇದು ಸೀಸನ್ ಕೆಲಸ, ವರ್ಷಪೂರ್ತಿ ಸಂಬಳ ಎಲ್ಲ ಟೀಮೂ ಕೊಡಲ್ಲ. ರೇಸ್‌ಗಳು ಹೆಚ್ಚಾಗಿ ವಾರಾಂತ್ಯದಲ್ಲೇ ಇರುತ್ತವೆ. ಕ್ಯಾಲೆಂಡರ್ ಬಂದ ದಿನವೇ ಮ್ಯಾನೇಜರ್ ಹತ್ರ ಆ ಶುಕ್ರವಾರಗಳಿಗೆ ರಜೆ ಬರೆಸಿಟ್ಟುಕೊಳ್ಳಿ, ಬದಲಿಗೆ ದಸರಾ ಸೀಸನ್ನಿನ ಭಾನುವಾರ ಕೆಲಸ ಮಾಡ್ತೀನಿ ಅಂದ್ರೆ ಸಾಮಾನ್ಯವಾಗಿ ಒಪ್ಪುತ್ತಾರೆ.