ಕಮ್ಮಿ ದುಡ್ಡಲ್ಲಿ ಗೇಮಿಂಗ್ ಪಿಸಿ: ಮೊದಲು ಯಾವ ಪಾರ್ಟ್ ಫಿಕ್ಸ್ ಮಾಡ್ಕೋಬೇಕು

ಮೈಸೂರಲ್ಲೋ ಮಂಡ್ಯದಲ್ಲೋ ಅಂಗಡಿಗೆ ಹೋಗಿ ಗೇಮಿಂಗ್ ಪಿಸಿ ಬೇಕು ಅಂದಾಗ "ಐ7 ಇದೆ, 16 ಜಿಬಿ ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡೂ ಇದೆ" ಅಂತ ಯಾರಾದ್ರೂ ತುಂಬಾ ಕಮ್ಮಿ ರೇಟ್ ಹೇಳಿದ್ರೆ ಆತುರದಲ್ಲಿ ಅಡ್ವಾನ್ಸ್ ಕೊಟ್ಬಿಡ್ಬೇಡಿ, ಯಾವ ಜನರೇಷನ್ ಐ7, ಯಾವ ಕಾರ್ಡು ಅಂತ ಕೇಳಿ. ಅದು 2012ರ ಐ7 3770, ಎಚ್61 ಮದರ್‌ಬೋರ್ಡು, ಜೊತೆಗೊಂದು ಜಿಟಿ 730 ಕಾರ್ಡು ಆಗಿದ್ರೆ ಎದ್ದು ಬನ್ನಿ. ಆ ಪ್ರೊಸೆಸರ್‌ಗೆ ವಿಂಡೋಸ್ 11 ಸಪೋರ್ಟೇ ಇಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್‌ಗೆ ಮುಗೀತು, ಇನ್ನು ಜಿಟಿ 730 ಪರದೆ ಮೇಲೆ ಚಿತ್ರ ತೋರ್ಸುತ್ತೆ ಅಷ್ಟೇ, ಈಗಿನ ಭಾರದ ಗೇಮು ಅದ್ರಲ್ಲಿ ಓಡಲ್ಲ.

ಲೆಕ್ಕ ಪ್ರೊಸೆಸರ್‌ನಿಂದ ಶುರು ಮಾಡ್ಬೇಡಿ. ನಿಮ್ಮ ಮಾನಿಟರ್ ಯಾವ್ದು, ಆಡೋ ಗೇಮ್ ಯಾವ್ದು, ಅಲ್ಲಿಂದ ಗ್ರಾಫಿಕ್ಸ್ ಕಾರ್ಡು, ಆಮೇಲೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡೋ ಡಬ್ಬ), ಉಳಿದ ದುಡ್ಡಲ್ಲಿ ಮಿಕ್ಕಿದ್ದು. ಕೈಲಿ 60 ಸಾವಿರ ಇದ್ರೆ ಅದ್ರಲ್ಲಿ 20-24 ಸಾವಿರ ಕಾರ್ಡಿಗೇ ಎತ್ತಿಡಿ. 1080ಪಿ ಮಾನಿಟರ್‌ಗೆ 8 ಜಿಬಿ ಮೆಮೊರಿ ಇರೋ ಕಾರ್ಡಾದ್ರೂ ಬೇಕು, ಆರ್‌ಎಕ್ಸ್ 6600 ಸಾಕು, ಸಿಕ್ರೆ ಆರ್‌ಟಿಎಕ್ಸ್ 3060 12 ಜಿಬಿ ಇನ್ನೂ ಒಳ್ಳೇದು. ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬೇಡ, ಹೆಚ್ಚಿನವು 4 ಜಿಬಿ, ಅದೂ ಅಲ್ದೆ ಬೋರ್ಡಿನ ಸ್ಲಾಟಲ್ಲಿ ನಾಲ್ಕೇ ಲೇನ್ (ಡೇಟಾ ಓಡಾಡೋ ದಾರಿ) ಬಳಸೋದ್ರಿಂದ ಹಳೇ ಬೋರ್ಡಿಗೆ ಹಾಕಿದ್ರೆ ಇನ್ನೂ ನಿಧಾನ. ಬರೀ ವ್ಯಾಲೊರಂಟ್ ಥರದ ಹಗುರ ಗೇಮ್ ಆಡ್ತೀವಿ ಅನ್ನೋರು ಸದ್ಯಕ್ಕೆ ಕಾರ್ಡೇ ಇಲ್ದೆ, ಒಳಗೇ ಗ್ರಾಫಿಕ್ಸ್ ಇರೋ ರೈಜನ್ 5 5600ಜಿ ಪ್ರೊಸೆಸರ್ ಹಾಕ್ಕೊಂಡು ಮುಂದೆ ದುಡ್ಡು ಕೂಡಿದಾಗ ಕಾರ್ಡ್ ಸೇರಿಸ್ಬೋದು.

ಈಗ ಎಸ್‌ಎಂಪಿಎಸ್. ನಾನು ಎಲ್ರಿಗೂ ಕೈ ಮುಗಿದು ಹೇಳೋದು ಇದೊಂದೇ, ಇಲ್ಲಿ ದುಡ್ಡು ಉಳಿಸ್ಬೇಡಿ. ಕ್ಯಾಬಿನೆಟ್ ಜೊತೆ ಫ್ರೀ ಬರೋ "450 ವ್ಯಾಟ್" ಡಬ್ಬದ ಮೇಲೆ ಬರ್ದಿರೋ ನಂಬರ್ ನಂಬೋಕಾಗಲ್ಲ, ಅಂಥದ್ದು ಸುಟ್ಟೋದಾಗ ಒಂದೊಂದ್ಸಲ ಬೋರ್ಡು ಕಾರ್ಡು ಎಲ್ಲಾನೂ ಜೊತೆಗೆ ಎಳ್ಕೊಂಡು ಹೋಗುತ್ತೆ, ಅದ್ರಲ್ಲೂ ನಮ್ಮ ಹಳ್ಳಿ ಕಡೆ ವೋಲ್ಟೇಜು ಒಂದೇ ಸಮ ಇರಲ್ಲ, ಕರೆಂಟು ಹೋಗಿ ಬರ್ತಾನೇ ಇರುತ್ತೆ. 80 ಪ್ಲಸ್ ಬ್ರಾನ್ಜ್ (ಕರೆಂಟು ಕಮ್ಮಿ ಪೋಲಾಗುತ್ತೆ ಅನ್ನೋ ಗುರುತು) ಇರೋ, ಹೆಸರಿರೋ ಕಂಪನಿದು 550 ವ್ಯಾಟ್ ತಗೊಳ್ಳಿ. ಆರ್‌ಎಕ್ಸ್ 6600 ಎಳೆಯೋದು 132 ವ್ಯಾಟ್ ಅಷ್ಟೇ, ಆದ್ರೂ ಮುಂದೆ ಕಾರ್ಡ್ ಬದಲಾಯಿಸಿದಾಗ ಇದೇ ನಡೆಯುತ್ತೆ. ಕರೆಂಟು ಹೋದಾಗ ಪಿಸಿ ಆಫ್ ಆಗ್ದಿರೋಕೆ ಯುಪಿಎಸ್ ಹಾಕೋದಾದ್ರೆ, 600 ವಿಎದು ಅಂದ್ರೆ ಸುಮಾರು 360 ವ್ಯಾಟ್, ಮಾನಿಟರೂ ಸೇರಿದ್ರೆ ಅಂಚಿಗೆ ಬಂತು, ಆಗೋದಾದ್ರೆ 1000 ವಿಎ ನೋಡಿ.

ಪ್ರೊಸೆಸರ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ರೈಜನ್ 5 5600 ಇಲ್ಲಾ ಐ5 12400ಎಫ್, ಎರಡೂ ಆರು ಕೋರ್, ಕಾರ್ಡ್ ಜೊತೆ ಚೆನ್ನಾಗಿ ಹೊಂದುತ್ವೆ. ಎಫ್ ಅಂತ ಇದ್ರೆ ಒಳಗಡೆ ಗ್ರಾಫಿಕ್ಸ್ ಇರಲ್ಲ, 5600ರಲ್ಲೂ ಇಲ್ಲ, ಕಾರ್ಡು ಹಾಕ್ದೆ ಡಿಸ್‌ಪ್ಲೇ ಬರಲ್ಲ. ರೈಜನ್‌ಗೆ ಹಳೇ ಬಿ450 ಬೋರ್ಡ್ ತಗೊಂಡ್ರೆ ಬಯೋಸ್ (ಬೋರ್ಡಿನ ಒಳಗಿರೋ ಸಾಫ್ಟ್‌ವೇರ್) ಅಪ್‌ಡೇಟ್ ಅಂಗಡಿಯಲ್ಲೇ ಮಾಡಿಸ್ಕೊಳ್ಳಿ, ಇಲ್ದಿದ್ರೆ ಪಿಸಿ ಆನ್ ಆಗ್ದೇ ಇರ್ಬೋದು. ರ‍್ಯಾಮ್ 8 ಜಿಬಿದು ಎರಡು ಸ್ಟಿಕ್ ಹಾಕಿ, 16ದು ಒಂದೇ ಬೇಡ, 5600ಜಿಯ ಗ್ರಾಫಿಕ್ಸ್ ಈ ರ‍್ಯಾಮನ್ನೇ ಬಳಸೋದ್ರಿಂದ ಅದನ್ನ ಹಾಕೋರಿಗಂತೂ ಇದು ಕಡ್ಡಾಯ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ರೇಟ್ ವಿಪರೀತ ಏರಿದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ರ‍್ಯಾಮ್ ಸಿಕ್ರೆ ಟೆಸ್ಟ್ ಮಾಡಿ ತಗೊಳ್ಳಿ. ಕ್ಯಾಬಿನೆಟ್ ಮುಂದೆ ಜಾಲರಿ ಇರ್ಲಿ, ಗಾಜು ಬೇಡ, ಮಂಡ್ಯ ಬೇಸಿಗೆಲಿ ಗಾಳಿ ಆಡ್ಬೇಕು.

ಲಿಸ್ಟ್ ಬರ್ಕೊಂಡು ಮೊದಲು ಮೈಸೂರಲ್ಲಿ ಎರಡು ಮೂರು ಅಂಗಡೀಲಿ ಕೊಟೇಶನ್ ತಗೊಳ್ಳಿ, ಆಮೇಲೆ ಬೇಕಿದ್ರೆ ಟ್ರೈನ್ ಹತ್ಕೊಂಡು ಕಂಪ್ಯೂಟರ್ ಪಾರ್ಟ್ ಅಂಗಡಿಗಳಿರೋ ಬೆಂಗಳೂರು ಎಸ್‌ಪಿ ರೋಡು. ಎಲ್ಲಾ ಸೇರಿ ಒಂದೆರಡು ಸಾವಿರ ವ್ಯತ್ಯಾಸ ಅಂದ್ರೆ ಊರಲ್ಲೇ ತಗೊಳ್ಳಿ, ಏನಾದ್ರೂ ಕೆಟ್ರೆ ವಾರಂಟಿಗೆ ಓಡಾಡೋರು ನೀವೇ ಅಲ್ವಾ. ಬಿಲ್ಲಿಲ್ದೆ ಕಮ್ಮಿ ಮಾಡ್ಕೊಡ್ತೀನಿ ಅಂದ್ರೆ ಒಪ್ಪಬೇಡಿ, ಜಿಎಸ್‌ಟಿ ಬಿಲ್ಲಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಇರ್ಬೇಕು. ಹಳೇ ಕಾರ್ಡ್ ತಗೊಳ್ಳೋದಾದ್ರೆ ಅವ್ರ ಮನೇಲೇ ಅರ್ಧ ಗಂಟೆ ಭಾರದ ಗೇಮ್ ಓಡ್ಸಿ, ಫ್ಯಾನ್ ಸದ್ದು, ಬಿಸಿ, ಪರದೆ ಮೇಲೆ ಚುಕ್ಕೆ ಗಿಕ್ಕೆ ಬರುತ್ತಾ ನೋಡಿ.

ಅಸೆಂಬಲ್ ಆದ್ಮೇಲೆ ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡೋ ಸೆಟ್ಟಿಂಗ್) ಆನ್ ಮಾಡಿ, 144 ಹರ್ಟ್ಜ್ ಮಾನಿಟರ್ ಆದ್ರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಅದನ್ನ ನೀವೇ ಸೆಲೆಕ್ಟ್ ಮಾಡ್ಬೇಕು, ಇಲ್ದಿದ್ರೆ 60ರಲ್ಲೇ ಓಡ್ತಿರಬಹುದು.