ಮಿನಿಡಿವಿ ಟೇಪ್ ಡಿವಿಡಿ ಮಾಡೋವಾಗ ಕ್ವಾಲಿಟಿ ಎಲ್ಲಿ ಸೋರಿ ಹೋಗತ್ತೆ

ಅಕ್ಕನ ಮದುವೆದು 3 ಮಿನಿಡಿವಿ ಟೇಪ್ (ವಿಡಿಯೋ ಕ್ಯಾಮೆರಾದ ಪುಟ್ಟ ಕ್ಯಾಸೆಟ್) ಇತ್ತು, 2004ರದ್ದು. ಒಂದು ಅಂಗಡಿಗೆ ಕೊಟ್ರೆ ಮೂರನ್ನೂ ಒಂದೇ ಡಿವಿಡಿಗೆ ತುರುಕಿ ಕೊಟ್ರು, ಧಾರೆ ಹೊತ್ತಲ್ಲಿ ಅಕ್ಷತೆ ಬೀಳೋ ಜಾಗಕ್ಕೆ ಬಂದ್ರೆ ಸ್ಕ್ರೀನೆಲ್ಲ ಚೌಕ ಚೌಕ, ಅಕ್ಷತೆ ಯಾವ್ದು ಅಕ್ಕನ ಮುಖ ಯಾವ್ದು ಗೊತ್ತಾಗಲ್ಲ. ಟೇಪೇ ಹಾಳಾಗಿದೆ ಅಂದ್ರು. ಮನೇಲಿ ಕ್ಯಾಮೆರಾಗೆ ಹಾಕಿ ನೋಡಿದ್ರೆ ಟೇಪ್ ಕಲ್ಲುಗುಂಡಿನ ಥರ ಇದೆ! ಆಮೇಲೆ ನಾನೇ ಕೂತು ಮಾಡ್ದೆ.

ಮಿನಿಡಿವೀಲಿ ಇರೋದು ಆಗ್ಲೇ ಡಿಜಿಟಲ್. ಫೈರ್‌ವೈರ್ (ಕ್ಯಾಮೆರಾದ ಡಿವಿ ಪೋರ್ಟಿಗೆ ಹಾಕೋ ಡಿಜಿಟಲ್) ಕೇಬಲ್ಲಲ್ಲಿ ತಗೊಂಡ್ರೆ ಟೇಪಲ್ಲಿರೋ ಡೇಟಾನೇ ಹಾಗೇ ಕಂಪ್ಯೂಟರ್‌ಗೆ ಇಳಿಯತ್ತೆ, ಏನೂ ನಷ್ಟ ಇಲ್ಲ. ಹಳದಿ ಕೆಂಪು ಬಿಳಿ ಪಿನ್ನಿನ ಎವಿ ಕೇಬಲ್ಲಲ್ಲಿ ತಗೊಂಡ್ರೆ ಡಿಜಿಟಲ್ಲನ್ನ ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡ್ದಂಗೆ, ಬಣ್ಣ ಹರಡ್ಕೊಳತ್ತೆ. ಕ್ಯಾಮೆರಾದ ಯುಎಸ್‌ಬಿ ನೋಡಿ ಖುಷಿಪಡ್ಬೇಡಿ, ಹಳೇ ಕ್ಯಾಮೆರಾಗಳಲ್ಲಿ ಅದು ಹೆಚ್ಚಾಗಿ ಫೋಟೋಗೆ ಮಾತ್ರ. ಡೆಸ್ಕ್‌ಟಾಪ್ ಇದ್ರೆ ಫೈರ್‌ವೈರ್ ಕಾರ್ಡ್ ಹಾಕ್ಸಿ, ಕೇಬಲ್ ಚುಚ್ಚೋವಾಗ ಕ್ಯಾಮೆರಾ ಆಫ್ ಇರ್ಲಿ, 6 ಪಿನ್ನಿನ ಕಡೆ ಉಲ್ಟಾ ಚುಚ್ಚಿದ್ರೆ ಪೋರ್ಟ್ ಸುಟ್ಟು ಹೋಗ್ಬಹುದು. ಹೈ8 ಥರ ಅನಲಾಗ್ ಟೇಪ್ ಆದ್ರೆ ಮಾತ್ರ ಬೇರೆ ಲೆಕ್ಕ, ಆಗ ಎಸ್-ವಿಡಿಯೋ ಕೇಬಲ್ ಬಳಸಿ, ಹಳದಿ ಪಿನ್ನಿಗಿಂತ ಎಷ್ಟೋ ಮೇಲು.

ವರ್ಷಗಟ್ಲೆ ಬೀರುವಲ್ಲಿದ್ದ ಟೇಪನ್ನ ಮೊದಲು ಕೊನೇತನಕ ಫಾರ್ವರ್ಡ್ ಮಾಡಿ ವಾಪಸ್ ಸುತ್ತಿ, ಆಮೇಲೆ ಪ್ಲೇ ಮಾಡಿ. ಬೂಷ್ಟು ಹಿಡಿದಿದ್ರೆ ಹಾಕ್ಲೇಬೇಡಿ, ಕ್ಯಾಮೆರಾ ಒಳಗೆ ಟೇಪ್ ಓದೋ ಹೆಡ್ಡಿಗೂ ಅಂಟ್ಕೊಳತ್ತೆ, ಮಲೆನಾಡು ಕರಾವಳಿ ಕಡೆಯವ್ರು ಇದನ್ನ ಮೊದ್ಲು ನೋಡ್ಕೊಳಿ. ಟೇಪನ್ನ ಕಂಪ್ಯೂಟರ್‌ಗೆ ಇಳಿಸೋ ಸಾಫ್ಟ್‌ವೇರ್ ಅಂದ್ರೆ ವಿಂಡೋಸಲ್ಲಿ ವಿನ್‌ಡಿವಿ, ಲಿನಕ್ಸಲ್ಲಿ ಡಿವಿಗ್ರ್ಯಾಬ್, ಎರಡೂ ಫ್ರೀ. 1 ಗಂಟೆ ಟೇಪ್ ಸುಮಾರು 13 ಜಿಬಿ ಆಗತ್ತೆ. ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನ ಡ್ರೈವ್ ಆದ್ರೆ ಒಂದು ಫೈಲ್ 4 ಜಿಬಿಗೇ ನಿಂತೋಗತ್ತೆ, ಅಂದ್ರೆ ಹತ್ತೊಂಬತ್ತು ಇಪ್ಪತ್ತು ನಿಮಿಷ ಅಷ್ಟೇ, ಹಾಗಾಗಿ ಎನ್‌ಟಿಎಫ್‌ಎಸ್ ಡ್ರೈವಿಗೆ ಹಾಕಿ.

ಈಗ ಡಿಸ್ಕ್. ಡಿವಿಡಿ ಅಂದ್ರೆ ಎಂಪೆಗ್-2 ಅನ್ನೋ ಕುಗ್ಗಿಸಿದ ವಿಡಿಯೋ, ಇಲ್ಲಿ ಕುಗ್ಗಿಸ್ಲೇಬೇಕು, ಆದ್ರೆ ಒಂದೇ ಸಲ ಕುಗ್ಗಿಸಿ. ಎಡಿಟಿಂಗ್ ಎಲ್ಲಾ ಟೇಪಿಂದ ಇಳಿಸಿದ ಡಿವಿ ಫೈಲಲ್ಲೇ ಮುಗಿಸ್ಕೊಂಡು ಕೊನೆಗೆ ಎಂಪೆಗ್-2ಗೆ ಎನ್‌ಕೋಡ್ ಮಾಡಿ, ನಡುವೆ ಎಂಪಿ4 ಮಾಡಿ ಅದರಿಂದ ಡಿವಿಡಿ ಮಾಡಿದ್ರೆ ಎರಡು ಸಲ ಹಿಂಡ್ದಂಗೆ. 4.7 ಜಿಬಿ ಡಿಸ್ಕಿಗೆ 1 ಗಂಟೆ ಹಾಕಿದ್ರೆ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್ ಡೇಟಾ) ಆರಾಮಾಗಿ ಸಿಗತ್ತೆ, 3 ಗಂಟೆ ತುರುಕಿದ್ರೆ ಸೌಂಡೂ ಸೇರಿ ಮೂರುವರೆಗೆ ಇಳಿಯತ್ತೆ, ಅಕ್ಷತೆ ಕಾಣದೇ ಇದ್ದಿದ್ದು ಇದಕ್ಕೇ. ಜಿಪುಣತನ ಬೇಡ, ಒಂದು ಟೇಪಿಗೆ ಒಂದು ಡಿಸ್ಕ್. ಟೈಮಿದ್ರೆ 2-ಪಾಸ್ (ಮೊದ್ಲು ವಿಡಿಯೋ ಪೂರ್ತಿ ನೋಡ್ಕೊಂಡು ಎರಡನೇ ಸಲಕ್ಕೆ ಕುಗ್ಗಿಸೋದು) ಹಾಕಿ ರಾತ್ರಿ ಬಿಟ್ಟು ಮಲ್ಕೊಳಿ.

ಎಲ್ರೂ ಎಡವೋ ಜಾಗ ಇಂಟರ್ಲೇಸಿಂಗ್, ಅಂದ್ರೆ ಒಂದು ಚಿತ್ರವನ್ನ ಸಮ ಗೆರೆ ಬೆಸ ಗೆರೆ ಅಂತ ಎರಡು ಫೀಲ್ಡಾಗಿ ಇಡೋದು. ಕಂಪ್ಯೂಟರಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡ್ರೆ ಗಾಬರಿಯಾಗಿ ಡಿಇಂಟರ್ಲೇಸ್ ಮಾಡ್ಬೇಡಿ (ಆ ಗೆರೆ ತೆಗೆಯೋದು), ಅದು ಟಿವಿಗೋಸ್ಕರ ಇರೋದೇ ಹಂಗೆ, ಡಿವಿಡಿಗೂ ಹಾಗೇ ಹೋಗ್ಬಹುದು. ಸೈಜೂ 720×576 ಇದ್ದಂಗೇ ಇರ್ಲಿ. ಫೀಲ್ಡ್ ಆರ್ಡರ್ (ಯಾವ ಫೀಲ್ಡ್ ಮೊದಲು ಅನ್ನೋದು) ಮಾತ್ರ ಬಾಟಮ್ ಫಸ್ಟ್ ಅಂತ ಕೊಡಿ, ತಪ್ಪಿದ್ರೆ ಓಡಾಡೋ ಜನ ಎಲ್ಲಾ ಹಿಂದೆ ಮುಂದೆ ನಡುಗ್ತಾರೆ.

ಬರ್ನ್ ಮಾಡೋವಾಗ 16ಎಕ್ಸ್ ಸ್ಪೀಡಿನ ಅವಸರ ಬೇಡ, 8ಎಕ್ಸ್ ಸಾಕು, ವೆರಿಫೈ (ಬರೆದಿದ್ದು ಸರಿ ಇದ್ಯಾ ಅಂತ ನೋಡೋದು) ಆನ್ ಇಡಿ. ಡಿಸ್ಕ್ ಮೇಲೆ ಸ್ಟಿಕ್ಕರ್ ಬೇಡ, ಮಾರ್ಕರಲ್ಲಿ ಬರೀರಿ. ಮತ್ತೆ ಆ 13 ಜಿಬಿ ಫೈಲನ್ನ ಡಿಲೀಟ್ ಮಾಡ್ಬೇಡಿ ಮಾರಾಯ್ರೆ, ಡಿವಿಡಿ ಮನೆಯವ್ರಿಗೆ ನೋಡೋಕೆ, ನಿಮ್ಮ ಒರಿಜಿನಲ್ ಅಂದ್ರೆ ಆ ಫೈಲೇ, ಎರಡು ಹಾರ್ಡ್‌ಡಿಸ್ಕಲ್ಲಿ ಇಡಿ.